ವಸ್ತಿ ಬಸ್ಸಿಗೆ ಮುಂಚೆ ಬಿಡುವ ಆಟ

ಹುಬ್ಬಳ್ಳಿ-ಧಾರವಾಡದಲ್ಲಿ ಸಿನಿಮಾ ನೋಡಲು ಒಳ್ಳೆಯ ಥಿಯೇಟರ್ ಯಾವುದು, ನಾಟಕಕ್ಕೆ ಒಳ್ಳೆಯ ರಂಗಮಂದಿರ ಯಾವುದು ಎಂದು ಕೇಳಿ ನೋಡಿ. ಉತ್ತರ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಬರುತ್ತದೆ. ಸಿನಿಮಾಕ್ಕೆ ಹುಬ್ಬಳ್ಳಿಯ ಮಾಲಿನೊಳಗಿನ ಮಲ್ಟಿಪ್ಲೆಕ್ಸ್. ಹಿಂದಕ್ಕೆ ಒರಗುವ ಕುರ್ಚಿ, ತಣ್ಣನೆಯ ಗಾಳಿ, ಎದೆಗೆ ತಾಗುವ ಧ್ವನಿ. ನಾಟಕಕ್ಕೆ ಧಾರವಾಡದ ಸೃಜನಾ ರಂಗಮಂದಿರ, ಹುಬ್ಬಳ್ಳಿಯ ಸವಾಯಿ ಗಂಧರ್ವ ಕಲಾಮಂದಿರ. ಹೀಗೆ ಹೇಳುವವರ ರುಚಿಯನ್ನು ನಾನು ಪ್ರಶ್ನಿಸುವುದಿಲ್ಲ. ದುಡ್ಡು ಕೊಟ್ಟು ನೋಡುವವರು ಒಳ್ಳೆಯ ಕುರ್ಚಿ ಬಯಸುವುದು ನ್ಯಾಯವೇ. ಆದರೆ ಅವರೆಲ್ಲ ಪೇಟೆಯ ನಡುವೆ ನಿಂತು ಅಳೆಯುತ್ತಿದ್ದಾರೆ. ಅದೇ ಅಳತೆಪಟ್ಟಿಯನ್ನು ಗರಗಕ್ಕೆ ಒಯ್ದು ಹಿಡಿದರೆ ಮೊದಲನೆಯದು ಕೊನೆಗೆ ಬೀಳುತ್ತದೆ ಎಂಬುದು ನನ್ನ ವಾದ.

ಗರಗ ಧಾರವಾಡದಿಂದ ಬೆಳಗಾವಿ ದಿಕ್ಕಿಗೆ ಹದಿನೈದು-ಇಪ್ಪತ್ತು ಕಿಲೋಮೀಟರಿನೊಳಗಿನ ದೊಡ್ಡ ಹಳ್ಳಿ. ಮಡಿವಾಳೇಶ್ವರರ ಮಠದ ಊರು. ನವಲಗುಂದದ ನಾಗಲಿಂಗ ಸ್ವಾಮಿಗಳು, ಶಿಶುನಾಳದ ಷರೀಫರು, ಹುಬ್ಬಳ್ಳಿಯ ಸಿದ್ಧಾರೂಢರು ಎಂದು ಜನ ಒಂದೇ ಉಸಿರಿನಲ್ಲಿ ಹೇಳುವಾಗ ಗರಗದ ಮಡಿವಾಳಪ್ಪನವರ ಹೆಸರೂ ಆ ಸಾಲಿನಲ್ಲಿ ಬರುತ್ತದೆ. ಊರಿನ ಇನ್ನೊಂದು ಹೆಸರು ಖಾದಿಯದು. 1954ರಲ್ಲಿ ಶುರುವಾದ ಗರಗ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಬಟ್ಟೆ ನೇಯ್ದು ದೇಶಕ್ಕೆ ಕಳಿಸಿದ ಊರಿದು. ನೂಲುವ, ನೇಯುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು.

ಧ್ವಜದ ಮಾತನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್, ಪ್ರತಿ ಚಿತ್ರಮಂದಿರದಲ್ಲೂ ಸಿನಿಮಾಕ್ಕೆ ಮೊದಲು ರಾಷ್ಟ್ರಗೀತೆ ನುಡಿಸಬೇಕು, ಆಗ ಪರದೆಯ ಮೇಲೆ ರಾಷ್ಟ್ರಧ್ವಜ ಇರಬೇಕು ಎಂದು ಆದೇಶಿಸಿತು. 2018ರ ಜನವರಿ 9ರಂದು ಅದನ್ನು ಕಡ್ಡಾಯದಿಂದ ಐಚ್ಛಿಕಕ್ಕೆ ಇಳಿಸಿತು. ಆ ಹದಿಮೂರು ತಿಂಗಳು ದೇಶದ ಸಿನಿಮಾ ಪ್ರೇಕ್ಷಕರೆಲ್ಲ ಎದ್ದು ನಿಂತು ಧ್ವಜ ನೋಡಿದರು. ಎದ್ದು ನಿಲ್ಲಬೇಕೇ ಬೇಡವೇ ಎಂದು ಪತ್ರಿಕೆಗಳಲ್ಲಿ ಪುಟಗಟ್ಟಲೆ ಚರ್ಚೆ ನಡೆಯಿತು. ಧ್ವಜದ ಬಟ್ಟೆ ನೇಯುವ ಊರಿನ ಹೆಂಗಸು ಆ ಕತ್ತಲ ಮನೆಯೊಳಗೆ ಬರಬಲ್ಲಳೇ, ಬಂದರೆ ರಾತ್ರಿ ಮನೆ ಮುಟ್ಟಬಲ್ಲಳೇ ಎಂಬ ಮಾತು ಆ ಚರ್ಚೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಬರಬೇಕಾದರೆ ಆಕೆ ಏನೇನು ಮಾಡಬೇಕು, ಲೆಕ್ಕ ಹಾಕೋಣ. ಮಾಲ್ ಇರುವುದು ಹುಬ್ಬಳ್ಳಿಯಲ್ಲಿ. ಗರಗದಿಂದ ಧಾರವಾಡಕ್ಕೆ ಒಂದು ಬಸ್ಸು, ಧಾರವಾಡದಿಂದ ಹುಬ್ಬಳ್ಳಿಗೆ ಬಿ.ಆರ್.ಟಿ.ಎಸ್.ನ ಚಿಗರಿ ಬಸ್ಸಿನಲ್ಲೋ ಕೆಂಪು ಬಸ್ಸಿನಲ್ಲೋ ಮತ್ತೆ ಇಪ್ಪತ್ತು ಕಿಲೋಮೀಟರು, ಇಳಿದ ಮೇಲೆ ಆಟೊ. ಸಿನಿಮಾ ಎರಡೂವರೆ ಗಂಟೆ, ವಿರಾಮ ಬೇರೆ. ಹೋದ ದಾರಿಯನ್ನೇ ತಿರುಗಿ ಸವೆಸಬೇಕು. ಸಂಜೆಯ ಆಟಕ್ಕೆ ಹೋದವರಿಗೆ ವಸ್ತಿ ಬಸ್ಸು ಸಿಕ್ಕುವ ಭರವಸೆ ಇಲ್ಲ. ರಾತ್ರಿ ಹಳ್ಳಿಗೆ ಹೋಗಿ, ಅಲ್ಲೇ ಉಳಿದು, ಬೆಳಿಗ್ಗೆ ಮರಳುವ ಆ ಬಸ್ಸು ನಮ್ಮ ಕಡೆಯ ಹಳ್ಳಿಗರ ದಿನಕ್ಕೆ ಹಾಕಿದ ಗೆರೆ. ಮದುವೆ ಮಾತುಕತೆ, ಆಸ್ಪತ್ರೆ, ಕೋರ್ಟು, ಸಂತೆ ಎಲ್ಲವೂ ಆ ಗೆರೆಯೊಳಗೆ ಮುಗಿಯಬೇಕು. ಸಿನಿಮಾ ಮತ್ತು ನಾಟಕ ಮಾತ್ರ ಹೇಗೆ ಹೊರಗಿದ್ದಾವು?

ಹಾಗಾಗಿ ನಾನು ಚಿತ್ರಮಂದಿರವನ್ನು ಮೊದಲು ಕೇಳುವ ಪ್ರಶ್ನೆ: ನಿನ್ನ ಆಟ ಎಷ್ಟಕ್ಕೆ ಬಿಡುತ್ತದೆ, ಬಸ್ ನಿಲ್ದಾಣ ನಿನ್ನಿಂದ ಎಷ್ಟು ದೂರ? ಈ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುವುದು, ನಾವು ಹಳತಾಯಿತೆಂದು ಮೂಗು ಮುರಿಯುವ ಏಕಪರದೆಯ ಟಾಕೀಸುಗಳು. ಧಾರವಾಡದ ಸಂಗಮ, ಪದ್ಮಾ, ವಿಜಯಾ, ಹುಬ್ಬಳ್ಳಿಯ ಅಪ್ಸರಾ, ಸುಧಾ, ಸುಜಾತಾ ಎಂದು ಎರಡು-ಮೂರು ತಲೆಮಾರು ಬಾಯಿತುಂಬ ಹೇಳಿದ ಹೆಸರುಗಳನ್ನು ನೆನೆಸಿಕೊಳ್ಳಿ. ಈ ಬಗೆಯ ಟಾಕೀಸುಗಳು ಪೇಟೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಸುತ್ತ ಎದ್ದದ್ದು ಆಕಸ್ಮಿಕವಲ್ಲ. ಕಟ್ಟಿದವರು ವ್ಯಾಪಾರಸ್ಥರು, ತಮ್ಮ ಗಿರಾಕಿ ಎಲ್ಲಿ ಇಳಿಯುತ್ತಾನೆ, ಎಲ್ಲಿ ಹತ್ತುತ್ತಾನೆ ಎಂದು ಬಲ್ಲವರು. ತಹಶೀಲ್ದಾರ ಕಚೇರಿಯ ಕೆಲಸಕ್ಕೆ ಬಂದವರು, ಮಗಳ ಕಾಲೇಜು ಫೀ ಕಟ್ಟಲು ಬಂದವರು, ಬೀಜ-ಗೊಬ್ಬರ ಕೊಳ್ಳಲು ಬಂದವರು ಕೆಲಸ ಮುಗಿಸಿ ಮ್ಯಾಟ್ನಿಗೆ ನುಗ್ಗಿ, ಹೊತ್ತು ಮುಳುಗುವುದರೊಳಗೆ ಬಸ್ಸು ಹತ್ತುತ್ತಿದ್ದರು. ಮಧ್ಯಾಹ್ನದ ಆಟ ಹಳ್ಳಿಯ ಆಟ. ಅದನ್ನು ಮೊದಲು ಅರಿತವರಿಗೆ ಪಟ್ಟಿಯಲ್ಲಿ ಮೊದಲ ಜಾಗ ಸಲ್ಲಬೇಕು.

ಈ ಮಾತಿಗೆ ಬಲವಾದ ಒಂದು ಎದುರುತ್ತರವಿದೆ. ಅದನ್ನು ನಾನು ಕೇಳಿದ್ದು ಹೆಚ್ಚಾಗಿ ಹೆಣ್ಣುಮಕ್ಕಳಿಂದ. ‘ನೀವು ಹೇಳೂದು ಖರೇ, ಆದ್ರ ಆ ಟಾಕೀಜಿನ್ಯಾಗ ಹೆಣ್ಣುಮಕ್ಕಳು ಕಾಲ ಇಡಾಕ ಆಗೂದಿಲ್ಲ’ ಎನ್ನುತ್ತಾರೆ. ಮಾಲಿನಲ್ಲಿ ಚೊಕ್ಕ ಶೌಚಾಲಯವಿದೆ, ಬೆಳಕಿದೆ, ಕಾವಲಿದೆ, ಹಿಂದಿನ ಸಾಲಿನಿಂದ ಯಾರೂ ಕೂಗುವುದಿಲ್ಲ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಹಳೆಯ ಟಾಕೀಸುಗಳು ಸೋತದ್ದರಲ್ಲಿ ಮೊಬೈಲು, ಟಿ.ವಿ., ತೆರಿಗೆಗಳ ಪಾಲಿರುವಂತೆ ಈ ಅಲಕ್ಷ್ಯದ ಪಾಲೂ ದೊಡ್ಡದು. ಅರ್ಧ ಊರನ್ನು ಹೊರಗಿಟ್ಟ ಮನೆಯಲ್ಲಿ ಅರ್ಧ ಕುರ್ಚಿ ಖಾಲಿಯಾಗುವುದು ಸಹಜ. ಆದರೆ ಇದರಿಂದ ಹೊರಡಬೇಕಾದ ತೀರ್ಮಾನ ಯಾವುದು? ಹಳೆಯ ಟಾಕೀಸು ತೀರಿಹೋಗಲಿ, ಮಾಲ್ ಬೆಳೆಯಲಿ ಎಂಬುದೇ? ಶೌಚಾಲಯ ಕಟ್ಟಿಸುವುದು, ದೀಪ ಹಾಕಿಸುವುದು, ಹೆಂಗಸರಿಗೊಂದು ಸಾಲು ಕಾಯ್ದಿಡುವುದು ಹೊಸ ಧ್ವನಿಯಂತ್ರ ತರಿಸುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ. ಏಕಪರದೆಯ ಮಂದಿರಗಳಿಗೆ ಸಹಾಯ ಬೇಕೆಂಬ ಬೇಡಿಕೆ ಬಂದಾಗಲೆಲ್ಲ ಪ್ರೊಜೆಕ್ಟರು, ತೆರಿಗೆ ವಿನಾಯಿತಿಗಳ ಮಾತು ಬರುತ್ತದೆ. ಶೌಚಾಲಯವನ್ನು ಮೊದಲ ಷರತ್ತಾಗಿಸಿ ಆ ಸಹಾಯ ಕೊಟ್ಟರೆ ಬಸ್ ನಿಲ್ದಾಣದ ಪಕ್ಕದ ಟಾಕೀಸು ಮತ್ತೆ ಊರಿನದಾಗುತ್ತದೆ.

ಟಿಕೆಟ್ ದರದ ಜಗಳವೂ ನನಗೆ ಅರ್ಧ ಜಗಳವಾಗಿಯೇ ಕಾಣುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸ್ ಸೇರಿ ಚಿತ್ರಮಂದಿರಗಳ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ಮಧ್ಯಂತರ ತಡೆ ನೀಡಿತು. ಮಿತಿ ಬೇಕೆನ್ನುವವರ ಕಳಕಳಿ ನನಗೂ ಇದೆ. ಆದರೆ ಗರಗದ ಒಂದು ಕುಟುಂಬಕ್ಕೆ 200 ರೂಪಾಯಿಯ ಟಿಕೆಟ್ಟೂ, ರಾತ್ರಿ ಬಾಡಿಗೆ ಗಾಡಿ ಮಾಡಿಕೊಂಡು ಮನೆಗೆ ಮರಳುವುದೂ ಸೇರಿದರೆ ದಿನದ ಕೂಲಿ ನೀರಾಗುತ್ತದೆ. ಇದರ ಎದುರಿಗೆ, ಸಿನಿಮಾದ ಜೊತೆ ಯಾರೂ ಹೊಂದಿಸಿ ನೋಡದ ಒಂದು ಯೋಜನೆ ಇದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ರೊಕ್ಕವಿಲ್ಲ. ಗರಗದಿಂದ ಧಾರವಾಡಕ್ಕೆ ಬಂದು ಹೋಗುವ ಖರ್ಚು ಆಕೆಗೆ ಸೊನ್ನೆ. ಶಕ್ತಿ ಎಂಬ ಈ ಯೋಜನೆ ಶುರುವಾದಾಗ ದೇವಸ್ಥಾನಗಳು ತುಂಬಿದವು ಎಂಬ ಸುದ್ದಿ ಊರೂರಿಂದ ಬಂತು. ದೇವಸ್ಥಾನ ಹಗಲು ತೆರೆದಿರುತ್ತದೆ, ಅಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಹೋಗುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಟಾಕೀಸು, ರಂಗಮಂದಿರಗಳೂ ಹಗಲು ಬಾಗಿಲು ತೆರೆದು, ಮರ್ಯಾದೆಯಿಂದ ಕೂರಿಸಿದರೆ ಅಲ್ಲಿಗೂ ಬಂದಾರು. ಬಸ್ಸಿನ ರೊಕ್ಕ ಸರ್ಕಾರ ಕೊಟ್ಟಾಗಿದೆ; ಇನ್ನು ಹೊತ್ತನ್ನು ಹೊಂದಿಸುವುದಷ್ಟೇ ಬಾಕಿ.

ರಂಗಮಂದಿರಗಳ ವಿಷಯಕ್ಕೆ ಬಂದರೆ ನನಗೆ ಹೆಚ್ಚು ಹೇಳಬೇಕಿದೆ. ಧಾರವಾಡ ನಾಟಕದ ಊರು. ಶ್ರೀರಂಗರು ಇಲ್ಲಿ ಪಾಠ ಹೇಳುತ್ತ ನಾಟಕ ಬರೆದರು. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ಅಟ್ಟದಿಂದ 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1964ರಲ್ಲಿ ‘ತುಘಲಕ್’ ಹೊರಬಂದವು. ಆ ಪರಂಪರೆಗೆ ತಲೆಬಾಗಿಯೇ ಒಂದು ಸಂಗತಿ ನೆನಪಿಸುತ್ತೇನೆ. ನಮ್ಮ ಅವಳಿ ನಗರದ ಸಭಾಂಗಣಗಳಿಗೆ ಯಾರ ಹೆಸರಿಟ್ಟಿದ್ದೇವೆ ನೋಡಿ. ಮಲ್ಲಿಕಾರ್ಜುನ ಮನಸೂರ ಕಲಾಭವನ. ರಂಗಾಯಣದ ಅಂಗಳದಲ್ಲಿ ಬಸವರಾಜ ರಾಜಗುರು ಬಯಲು ರಂಗಮಂದಿರ. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ. ಮೂವರೂ ಹಳ್ಳಿ, ಸಣ್ಣ ಊರುಗಳ ಹುಡುಗರು: ಒಬ್ಬರು ಧಾರವಾಡದ ಮಗ್ಗುಲ ಮನಸೂರಿನವರು, ಒಬ್ಬರು ಯಲಿವಾಳದವರು, ಒಬ್ಬರು ಕುಂದಗೋಳದವರು. ಮೂವರ ಎಳೆಯ ದಿನಗಳಲ್ಲೂ ನಾಟಕ ಕಂಪನಿಯ ಬಣ್ಣ ಇದೆ. ಮನಸೂರರು ಬಾಲನಟರಾಗಿ ಕಂಪನಿ ಸೇರಿದವರು. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ ಎಂಬ ಬಿರುದು ಪಡೆದದ್ದೇ ಮರಾಠಿ ರಂಗದ ಮೇಲೆ ಸ್ತ್ರೀಪಾತ್ರಗಳಲ್ಲಿ ಹಾಡಿ. ಹಳ್ಳಿಯ ಹುಡುಗನ ಕಿವಿಗೆ ನಾಟಕದ ಹಾಡು ಬಿದ್ದದ್ದು ನಾಟಕ ಅವನ ಸೀಮೆಗೆ ಬಂದದ್ದರಿಂದ. ಇಂದು ಅವರ ಹೆಸರು ಹೊತ್ತ ಮಂದಿರದಲ್ಲಿ ಆರೂವರೆಗೆಂದು ಹೇಳಿದ ಕಾರ್ಯಕ್ರಮ ಸ್ವಾಗತ, ಸನ್ಮಾನ, ನಾಲ್ಕು ಭಾಷಣ ಮುಗಿಸಿ ಏಳೂವರೆಗೆ ನಾಟಕಕ್ಕೆ ಬರುತ್ತದೆ. ಮುಗಿಯುವ ಹೊತ್ತಿಗೆ ಮನಸೂರಿನ ಹುಡುಗನೂ ಗರಗದ ಹುಡುಗಿಯೂ ಬಸ್ಸು ಹಿಡಿಯಲು ಎದ್ದು ಹೋಗಿರುತ್ತಾರೆ, ಇಲ್ಲವೇ ಬಂದೇ ಇರುವುದಿಲ್ಲ. ಆ ಒಂದು ತಾಸಿನ ಭಾಷಣವನ್ನು ನಾಟಕದ ನಂತರಕ್ಕೆ ಹಾಕಬಾರದೇ ಎಂದು ಸಂಘಟಕರಲ್ಲಿ ನನ್ನ ವಿನಂತಿ. ಕೇಳಬೇಕಾದವರು ಉಳಿದು ಕೇಳುತ್ತಾರೆ.

ಹಳಬರು ಈ ಹೊತ್ತಿನ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದ್ದರು. ಬಸ್ಸು ಇಲ್ಲವೇ? ಹಾಗಾದರೆ ಬೆಳತನಕ ಆಡೋಣ. ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ, ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾ ರಾತ್ರಿ ಹಚ್ಚಿದರೆ ಮುಗಿಯುವುದು ಕೋಳಿ ಕೂಗಿದ ಮೇಲೆ. ಇದನ್ನು ಕೆಲವರು ಹಳ್ಳಿಗರ ತೀರದ ಬಿಡುವಿನ ಗುರುತೆಂದು ನೋಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಬಲು ಚೆನ್ನಾದ ಒಂದು ವ್ಯವಸ್ಥೆ. ದೂರದಿಂದ ಚಕ್ಕಡಿ ಕಟ್ಟಿಕೊಂಡು ಬಂದವರನ್ನು ನಡುರಾತ್ರಿ ದಾರಿಗೆ ಬಿಡಬಾರದು. ಬೆಳಕು ಹರಿದ ಮೇಲೆ ಬೀಳ್ಕೊಡಬೇಕು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಇದು ನಡೆಯುತ್ತದೆ. ಪುಷ್ಯ ಹುಣ್ಣಿಮೆಯ ಸುತ್ತ ವೃತ್ತಿ ಕಂಪನಿಗಳು ಒಂದರ ಪಕ್ಕ ಒಂದು ಡೇರೆ ಹಾಕುತ್ತವೆ, ಒಂದೇ ರಾತ್ರಿಯಲ್ಲಿ ಒಂದರ ಹಿಂದೊಂದು ಆಟ ಕಟ್ಟುತ್ತವೆ. ತೇರಿಗೆ ಬಂದವರಿಗೆ ಲಾಡ್ಜ್ ಇಲ್ಲ. ನಾಟಕದ ಡೇರೆಯೇ ರಾತ್ರಿಯ ಆಸರೆ. ಕರ್ನಾಟಕದಲ್ಲಿ ನೋಡಲೇಬೇಕಾದ ರಂಗಮಂದಿರ ಯಾವುದೆಂದು ಹೊರನಾಡಿನವರು ಕೇಳಿದರೆ ನಾನು ಆ ಡೇರೆಗಳ ಕಡೆಗೆ ಕೈ ತೋರಿಸುತ್ತೇನೆ. ತಗಡಿನ ಗೋಡೆ, ಕಬ್ಬಿಣದ ಮಡಚು ಕುರ್ಚಿ, ಬಣ್ಣದ ಪರದೆ, ಹಾರ್ಮೋನಿಯಂ; ಒಳಗೆ ಒಂದು ತಾಲೂಕಿನಷ್ಟು ಜನ.

ಈ ಡೇರೆಗಳು ಮಾಡಿದ ಕೆಲಸವೂ ಸಣ್ಣದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕೂ ಸಂಗೀತಕ್ಕೂ ನಾಟಕ ಕಂಪನಿ ದುಡಿಯಿತು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕ ಬರೆದು, ಕಂಪನಿ ನಡೆಸಿ ಆಶ್ರಮ ಸಾಕಿದರು. ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಬಂದರೆ ಹಳ್ಳಿಯ ಜನ ನಟನನ್ನು ಮರೆತು ಕೈಮುಗಿಯುತ್ತಿದ್ದರು. 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಊರೂರಿನ ಹಿರಿಯರು ತಾವು ಕಂಡ ಆ ರಾತ್ರಿಗಳನ್ನು ನೆನೆದರು.

ಇಂದಿನ ಕಂಪನಿ ನಾಟಕಗಳಲ್ಲಿ ಎರಡರ್ಥದ ಮಾತು ಹೆಚ್ಚಾಗಿದೆ, ಮನೆಮಂದಿ ಕೂತು ನೋಡುವಂತಿಲ್ಲ ಎಂಬ ದೂರು ಬಹಳ ಕಾಲದ್ದು. ದೂರು ಸುಳ್ಳಲ್ಲ. ಮಾತು ಕೆಟ್ಟಿತು, ಆದ್ದರಿಂದ ಹೆಂಗಸರು ಬರುವುದು ಬಿಟ್ಟರು ಎಂದು ಎಲ್ಲರೂ ಹೇಳುತ್ತಾರೆ. ನಾನು ಇದನ್ನು ತಿರುಗಿಸಿ ನೋಡಬೇಕೆನ್ನುತ್ತೇನೆ. ಮನೆಯ ಟಿ.ವಿ.ಯ ಧಾರಾವಾಹಿಗಳು ಸಂಜೆಯ ಹೊತ್ತಿಗೆ ಹೆಂಗಸರನ್ನು ಮನೆಯಲ್ಲೇ ಹಿಡಿದಿಟ್ಟ ಮೇಲೆ ಡೇರೆಯಲ್ಲಿ ಉಳಿದವರು ಗಂಡಸರೇ. ಉಳಿದ ಗಿರಾಕಿಯನ್ನು ಕಳೆದುಕೊಳ್ಳಬಾರದೆಂದು ಕಂಪನಿ ಅವರ ಚಪ್ಪಾಳೆಯ ಕಡೆಗೆ ವಾಲಿತು. ಹತ್ತಾರು ಸಂಸಾರಗಳನ್ನು ಬೆನ್ನ ಮೇಲೆ ಹೊತ್ತ ಮಾಲೀಕ ಬೇರೇನು ಮಾಡಿಯಾನು? ಹೆಂಗಸರು ಮಕ್ಕಳು ತಿರುಗಿ ಬಂದು ಮುಂದಿನ ಸಾಲಿನಲ್ಲಿ ಕೂತರೆ ಮಾತು ತಾನಾಗಿ ತಿದ್ದಿಕೊಳ್ಳುತ್ತದೆ; ಹಾಸ್ಯನಟನ ಕಣ್ಣು ಯಾವಾಗಲೂ ಮುಂದಿನ ಸಾಲಿನ ಮೇಲೇ ಇರುತ್ತದೆ. ಸೆನ್ಸಾರಿಗಿಂತ ಸಂಜೆ ಐದರ ಆಟ ಹೆಚ್ಚು ಕೆಲಸ ಮಾಡೀತು ಎಂದು ನನ್ನ ನಂಬಿಕೆ.

ಒಳ್ಳೆಯ ರುಚಿಗೆ ಪಟ್ಟಣವೇ ಬೇಕು, ಹಳ್ಳಿಗೆ ಒಯ್ದರೆ ಮಟ್ಟ ಇಳಿಯುತ್ತದೆ ಎನ್ನುವವರಿಗೆ ಹೆಗ್ಗೋಡು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1949ರಲ್ಲಿ ಹುಟ್ಟಿದ ಅಲ್ಲಿನ ರಂಗಸಂಸ್ಥೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ 1972ರ ಹೊತ್ತಿಗೆ ಶಿವರಾಮ ಕಾರಂತ ರಂಗಮಂದಿರ ಕಟ್ಟಿತು; ಮರುವರ್ಷವೇ ಚಿತ್ರಸಮಾಜ ನಡೆಸಿತು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳನ್ನು ಕೃಷಿಕರು ನೋಡಿ ಚರ್ಚಿಸಿದರು. 1985ರಿಂದ ‘ತಿರುಗಾಟ’ ಆ ಹಳ್ಳಿಯ ನಾಟಕಗಳನ್ನು ರಾಜ್ಯದ ಊರೂರಿಗೆ ಒಯ್ಯುತ್ತಿದೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಒಂದು ಮಠವೇ ಬಯಲು ರಂಗಮಂದಿರ ಕಟ್ಟಿಸಿದೆ, 1997ರಿಂದ ‘ಶಿವಸಂಚಾರ’ ತಿರುಗಾಟ ನಡೆಸುತ್ತಿದೆ. ಆ ಊರು ಗರಗಕ್ಕಿಂತ ದೊಡ್ಡದೇನಲ್ಲ. ಗರಗದಲ್ಲೂ ಮಠವಿದೆ, ಅದಕ್ಕೆ ನಡೆದುಕೊಳ್ಳುವ ಭಕ್ತರಿದ್ದಾರೆ, ನೇಯ್ಗೆಯ ಹೆಸರಿದೆ. ಇನ್ನು, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ಊರ ಹುಡುಗರೇ ನಾಟಕ ಕಲಿಯುವ ರೂಢಿ ಇನ್ನೂ ಹೋಗಿಲ್ಲ. ಸುಗ್ಗಿ ಮುಗಿದ ಮೇಲೆ ಮಾಸ್ತರರೊಬ್ಬರು ಬಂದು ತಾಲೀಮು ನಡೆಸುತ್ತಾರೆ, ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ, ಸೀನರಿಯನ್ನೂ ಧ್ವನಿವರ್ಧಕವನ್ನೂ ಬಾಡಿಗೆಗೆ ತರುತ್ತಾರೆ, ಪಟ್ಟಿ ಎತ್ತಿ ಖರ್ಚು ತೂಗಿಸುತ್ತಾರೆ. ಇದನ್ನು ನಮ್ಮ ರಂಗ ವಿಮರ್ಶೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಧಾರವಾಡದ ರಂಗಾಯಣದ ಒಬ್ಬ ನಟ, ಒಬ್ಬ ಬೆಳಕು ವಿನ್ಯಾಸಕ ಜಾತ್ರೆಗೆ ಹದಿನೈದು ದಿನ ಮುಂಚೆ ಇಂಥ ತಾಲೀಮಿನಲ್ಲಿ ಕೂತರೆ ಎರಡೂ ಕಡೆಯವರು ಕಲಿಯುವುದು ಬಹಳವಿದೆ.

ಪ್ರತಿ ತಾಲೂಕಿಗೊಂದು ಹವಾನಿಯಂತ್ರಿತ ರಂಗಮಂದಿರ ಬೇಕು ಎಂಬ ಬೇಡಿಕೆಯನ್ನು ಕಲಾವಿದ ಮಿತ್ರರು ಆಗಾಗ ಮುಂದಿಡುತ್ತಾರೆ. ಅವರ ಮನಸ್ಸು ನೋಯಿಸದೆ ಹೇಳುವುದಾದರೆ, ಕಟ್ಟಡ ಕೇಳುವುದಕ್ಕೆ ಮೊದಲು ಜಾಗ ಕೇಳಬೇಕು. ಕಟ್ಟಡವಾದ ಮೇಲೆ ಬಾಡಿಗೆ ಬರುತ್ತದೆ, ವಿದ್ಯುತ್ ಬಿಲ್ಲು ಬರುತ್ತದೆ, ಎರಡು ವರ್ಷಕ್ಕೆ ಕುರ್ಚಿ ಹರಿಯುತ್ತದೆ, ಕೊನೆಗೆ ಸಮಾರಂಭಗಳಿಗೆ ಮಾತ್ರ ಉಳಿಯುತ್ತದೆ. ಕಂಪನಿಯವರಿಗೆ ಬೇಕಾದದ್ದು ಡೇರೆ ಹೂಡಲು ಬಸ್ ನಿಲ್ದಾಣದ ಹತ್ತಿರ ಮೈದಾನ, ತಾತ್ಕಾಲಿಕ ವಿದ್ಯುತ್ ಸಂಪರ್ಕ, ನೀರು, ಹತ್ತು ಕಚೇರಿ ಸುತ್ತಿಸದೆ ಸಿಗುವ ಪರವಾನಗಿ. ಧಾರವಾಡದ ಕಡಪಾ ಮೈದಾನದಂಥ ಬಯಲುಗಳು ಊರ ನಡುವೆ ಇನ್ನೂ ಉಳಿದಿರುವಾಗಲೇ ವರ್ಷದಲ್ಲಿ ಒಂದು ತಿಂಗಳನ್ನು ನಾಟಕಕ್ಕೆಂದು ಬರೆದಿಡುವುದು ಮಹಾನಗರ ಪಾಲಿಕೆಗೆ ಕಷ್ಟದ ಕೆಲಸವಲ್ಲ.

ನೆರೆಯ ಕೇರಳದಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ಚಿತ್ರಮಂದಿರಗಳನ್ನು ನಡೆಸುತ್ತದೆ. ತಿರುವನಂತಪುರದಲ್ಲಿ ಮಾತ್ರವಲ್ಲ, ಚೇರ್ತಲ, ಚಿಟ್ಟೂರಿನಂಥ ಸಣ್ಣ ಊರುಗಳಲ್ಲೂ. ನಮ್ಮಲ್ಲಿ ಸರ್ಕಾರದ ಕಾಳಜಿ ಹೆಚ್ಚಾಗಿ ಸಿನಿಮಾ ತಯಾರಿಸುವವರ ಕಡೆಗೆ ಹರಿಯುತ್ತದೆ: ಸಬ್ಸಿಡಿ, ಪ್ರಶಸ್ತಿ. ತಯಾರಾದ ಚಿತ್ರವನ್ನು ಗರಗದವರು ಎಲ್ಲಿ ನೋಡಬೇಕೆಂಬುದು ಯಾವ ಕಡತದಲ್ಲೂ ಇದ್ದಂತಿಲ್ಲ. ಎಲ್ಲರ ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂದರೆ, ಇದೆ. ಆದರೆ ಸೊಸೆ ಒಳಕೋಣೆಯಲ್ಲಿ ಒಂದು ನೋಡುತ್ತಾಳೆ, ಅತ್ತೆ ಪಡಸಾಲೆಯಲ್ಲಿ ಇನ್ನೊಂದು, ಮಗ ಕಟ್ಟೆಯ ಮೇಲೆ ಮತ್ತೊಂದು. ಮುನ್ನೂರು ಜನ ಒಂದೇ ಉಸಿರಿಗೆ ನಕ್ಕು, ಒಂದೇ ಕ್ಷಣಕ್ಕೆ ಕಣ್ಣೊರೆಸಿಕೊಳ್ಳುವ ಅನುಭವ ಅದರಿಂದ ದಕ್ಕುವುದಿಲ್ಲ. ಊರು ಎಂಬುದನ್ನು ಊರಾಗಿ ಇಟ್ಟ ಕೆಲವೇ ಅನುಭವಗಳಲ್ಲಿ ಅದೂ ಒಂದು.

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ರಂಗಾಯಣ ಧಾರವಾಡದಲ್ಲಿದೆ. ತಿಂಗಳಿಗೊಮ್ಮೆ, ಒಂದು ಶನಿವಾರ, ನಾಟಕ ಸರಿಯಾಗಿ ಐದಕ್ಕೆ ಶುರುವಾಗಿ ಏಳಕ್ಕೆ ಮುಗಿಯಲಿ. ಅದು ಬಿಟ್ಟ ಮೇಲೆ ಗರಗ, ಮನಸೂರಿನ ಕಡೆಗೆ ಒಂದೊಂದು ಬಸ್ಸು ಹೊರಡಲಿ. ಕರಪತ್ರದಲ್ಲಿ ಮುಖ್ಯ ಅತಿಥಿಗಳ ಹೆಸರಿಗೆ ಕೊಡುವ ಜಾಗದಲ್ಲಿ ಅರ್ಧವನ್ನು ಬಸ್ಸು ಬಿಡುವ ಹೊತ್ತಿಗೆ ಕೊಡಿ. ಆರು ತಿಂಗಳು ನಡೆಸಿ ನೋಡಿ, ಬಂದವರನ್ನು ಎಣಿಸಿ, ಅವರಲ್ಲಿ ಹೆಂಗಸರೆಷ್ಟು ಎಂದು ಬೇರೆಯಾಗಿ ಬರೆದುಕೊಳ್ಳಿ. ಒಳ್ಳೆಯ ರಂಗಮಂದಿರಗಳ ಪಟ್ಟಿಯನ್ನು ಆಮೇಲೆ ಆ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಬರೆಯೋಣ.